ಷರಾ

ನಮೂನೆಯಲ್ಲಿ ಎರಡೇ ಖಾನೆ: ಚರ, ಸ್ಥಿರ.
ದೇಚವ್ವ, ವಯಸ್ಸು ಅರವತ್ತೇಳು, ಅವಿವಾಹಿತೆ,
ಮಡಿಕೇರಿಯ ಹಾಸ್ಟೆಲಿನಲ್ಲಿ ಇಪ್ಪತ್ತೆಂಟು ವರ್ಷ
ಅಕ್ಕಿರೊಟ್ಟಿ ತಟ್ಟಿದವಳು, ಅದಕ್ಕೆ ದಾಖಲೆ ಇಲ್ಲ,
ಪಿಂಚಣಿ ಕೇಳಿದ್ದಾಳೆ.
ಆಸ್ತಿಗೆ ಬೆಲೆ ಕಟ್ಟಿ ಬಾ ಎಂದರು ಸಾಹೇಬರು.
ಮಿತಿ ದಾಟಿದರೆ ಇಲ್ಲ.

ನಾನು ಸಿಂಧನೂರಿನವ.
ನಮ್ಮಲ್ಲಿ ನೆಲ ಅಂದರೆ ಚಾಪೆ, ಹಾಸಿದರೆ ಹಾಸಿದಲ್ಲೇ.
ಇಲ್ಲಿ ನೆಲ ಎದ್ದು ನಿಂತಿರುತ್ತದೆ.
ಕಾಲೂರಿನ ತಿರುವಿನಲ್ಲಿ ಬೈಕು ನಿಲ್ಲಿಸಿ
ಹಿಂದಿನ ಚಕ್ರಕ್ಕೊಂದು ಕಲ್ಲು ಕೊಟ್ಟು
ಹತ್ತಿದೆ.

ಮೊದಲು ಚರ.
ಕೋಳಿ ಆರು. ಅಲ್ಲ ಏಳು, ಒಂದು ಕಾವಿಗೆ ಕೂತಿದೆ.
ಹೊಲಿಗೆ ಯಂತ್ರ, ಪೆಡಲು ಮುರಿದದ್ದು.
ಬಂಗಾರ? ಕೇಳಲೇಬೇಕು, ಖಾನೆ ಇದೆ.
"ಅವ್ವನ ಕೊಕ್ಕೆತಾತಿ ಉಂಟು," ಅಂದಳು,
"ಇವತ್ತು ವಿರಾಜಪೇಟೆಯಲ್ಲಿ, ಮದುಮಗಳ ಕೊರಳಲ್ಲಿ.
ಹೋದ ತಿಂಗಳು ನಾಪೋಕ್ಲು.
ನನ್ನ ಕೊರಳಿಗೆ ಬಿದ್ದದ್ದೇ ಇಲ್ಲ, ಆದರೂ ನನ್ನದೇ.
ಬರ್ಕೊಳ್ಳಿ."
ತೂಕ ಗೊತ್ತಿಲ್ಲ. ತೂಗುವಷ್ಟು ಹೊತ್ತು
ಅದು ಒಂದೂರಲ್ಲಿ ನಿಂತಿಲ್ಲ.

ಆಮೇಲೆ ಸ್ಥಿರ.
ಪಹಣಿ ಬಿಚ್ಚಿದೆ: ಒಂದು ಎಕರೆ ಇಪ್ಪತ್ತು ಗುಂಟೆ, ಕಾಫಿ,
ಮೂಡಣಕ್ಕೆ ತೋಡು, ಪಡುವಣಕ್ಕೆ ಪೈಸಾರಿ.
ಮಾರ್ಗಸೂಚಿ ದರದಿಂದ ಗುಣಿಸಿದರೆ
ನನ್ನ ನಾಲ್ಕು ವರ್ಷದ ಸಂಬಳ.
"ಎಲ್ಲಿದೆ ತೋಟ?"
ಅವಳು ಹಿತ್ತಲ ಬಾಗಿಲು ತೆರೆದಳು.

ಬಾಗಿಲಾಚೆ ಏನೂ ಇರಲಿಲ್ಲ.
ಕೆಂಪು. ಗುಡ್ಡವನ್ನು ಯಾರೋ ಸುಲಿಯುತ್ತ ಸುಲಿಯುತ್ತ
ಅರ್ಧಕ್ಕೇ ಎದ್ದುಹೋದಂಥ ಕೆಂಪು,
ಅಂಚಿನಲ್ಲಿ ಈಗೀಗ ಚಿಗುರಿದ ಜರಿಗಿಡ.
"ಅಲ್ಲಿ," ಎಂದು ಕೆಳಗೆ ಕೈ ತೋರಿದಳು,
ತುಂಬಾ ಕೆಳಗೆ, ಬೆಳ್ಯಪ್ಪನ ಗದ್ದೆಯ ಕಡೆಗೆ.
"ಆ ಆಗಸ್ಟಿನಲ್ಲಿ. ಉಂಡು ಕೈ ತೊಳೀತಿದ್ದೆ.
ಸದ್ದು ಮೊದಲು ಬಂತು. ಆಮೇಲೆ ತೋಟ ಹೊರಟಿತು,
ನಿಂತ ಹಾಗೇ. ಬಸ್ಸಿನಲ್ಲಿ ನಿಂತವರು ಹೋಗ್ತಾರಲ್ಲ, ಹಾಗೆ.
ಗಿಡ, ಮೆಣಸಿನ ಬಳ್ಳಿ, ಬೇಲಿಯ ಎರಡು ಗೂಟ,
ನಾನು ಮರೆತು ಬಂದಿದ್ದ ಕತ್ತಿ ಸಮೇತ."

ಸ್ಥಿರ ಎಂಬ ಶಬ್ದದ ಮೇಲೆ ನನ್ನ ಪೆನ್ನು.

ಮೊಬೈಲಿನ ನಕಾಶೆ ತೆಗೆದೆ. ಅದರ ಪ್ರಕಾರ ನಾನು
ಸರ್ವೆ ನಂಬರಿನ ನಡುಮಧ್ಯೆ,
ಹಸಿರಲ್ಲಿ ನಿಂತಿದ್ದೆ.
ಬೆಳ್ಯಪ್ಪನ ಪಹಣಿಯಲ್ಲಿ ಇನ್ನೂ ಭತ್ತ ಬೆಳೆಯುತ್ತಿದೆ.

"ಸೊನ್ನೆ ಅಂತ ಬರೆದುಬಿಡ್ತೀನಿ," ಅಂದೆ,
ಉಪಕಾರ ಮಾಡುವವನ ದನಿಯಲ್ಲಿ.
"ಸೊನ್ನೆ ಯಾಕೆ?"
ತಟ್ಟೆ ಕುಕ್ಕಿದ ಸದ್ದಿನ ಹಾಗೆ ಕೇಳಿದಳು.
"ಐದು ಕಿತ್ತಳೆ ಮರ ಹೋದವು, ಒಂದು ಅಲ್ಲೇ ಬೇರು ಹಿಡಿದಿದೆ.
ಬೆಳ್ಯಪ್ಪ ಪ್ರತಿ ಸಲ ಎಣಿಸಿ ಅರ್ಧ ಕಳಿಸ್ತಾನೆ.
ಮರ ನಂದು, ಬೇರಿನ ಕೆಳಗಿನ ಮಣ್ಣು ನಂದು,
ಮಣ್ಣಿನ ಕೆಳಗಿನ ಗದ್ದೆ ಅವನದು.
ನಮಗಿಬ್ಬರಿಗೂ ಗೊತ್ತುಂಟು. ನಿಮಗೆ ಮಾತ್ರ ಕಷ್ಟ."

"ಹಾಗಾದರೆ ಪಿಂಚಣಿ ಬರೋದಿಲ್ಲಮ್ಮ."
"ಬರದಿದ್ರೆ ಬೇಡ ಅಂತ ನಾನು ಹೇಳಿದ್ನಾ?
ಪಿಂಚಣಿ ಬೇಕು. ಸೊನ್ನೆ ಬೇಡ.
ಬರೆಯೋದು ನಿಮ್ಮ ಕೆಲಸ."

ಬೆಲ್ಲದ ಕಾಫಿ ಕೊಟ್ಟಳು. ಪುಡಿ ಅಂಗಡಿಯದು.

ಲೋಟ ಖಾಲಿಯಾಗುವವರೆಗೆ ಯೋಚಿಸಿ
ಷರಾ ಎಂದಿದ್ದ ಇಕ್ಕಟ್ಟು ಜಾಗದಲ್ಲಿ ಬರೆದೆ:
ಸದರಿ ಸ್ಥಿರಾಸ್ತಿಯು ಸ್ಥಳದಲ್ಲಿ ಇರುವುದಿಲ್ಲ.
ಸ್ಥಳವೂ ಸ್ಥಳದಲ್ಲಿ ಇರುವುದಿಲ್ಲ.
ಕಿತ್ತಳೆ ಮರ, ಒಂದು. ಫಸಲು, ಅರ್ಧ.
ಅರ್ಜಿದಾರರು ಇರುತ್ತಾರೆ.

ಹದಿನಾರನೆಯ ದಿನ ಕಡತ ಮರಳಿತು, ಹಸಿರು ಶಾಯಿಯಲ್ಲಿ:
ಸ್ಪಷ್ಟಪಡಿಸಿ.
ಕಿತ್ತಳೆಯ ವಾರ್ಷಿಕ ಇಳುವರಿ ಎಷ್ಟು?

ಅವತ್ತು ಹೊರಡುವಾಗ ಬ್ಯಾಗಿಗೆ ನಾಲ್ಕು ತುರುಕಿದ್ದಳು.
ಮೂರು ತಿಂದಿದ್ದೇನೆ. ಹುಳಿ.
ಉಳಿದದ್ದು ಕಡತದ ಪಕ್ಕ, ಮೇಜಿನ ಮೇಲೆ.
ಮೇಜು ಸಮ ಇಲ್ಲ.
ಹಣ್ಣಿಗೊಂದು ಪೇಪರ್‌ವೇಟು ಅಡ್ಡ ಕೊಟ್ಟಿದ್ದೇನೆ.